ಬರೀ ಎಸ್ಟಿಮೇಟ್‌ಗೆ 9,000 ರೂಪಾಯಿ: ರಾಯಚೂರಿನಲ್ಲಿ ಮನೆ ಕಟ್ಟಿದ ನಮ್ಮ ಅನುಭವ

ಒಂದು ಇಟ್ಟಿಗೆಯೂ ಬರುವ ಮೊದಲು, ಸುಮ್ನೆ ಲೆಕ್ಕ ಹಾಕಿಸಲು 9,000 ರೂಪಾಯಿ ಕೊಟ್ಟೆವು ಎಂದಾಗ ನಮ್ಮ ಬಳಗದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಕಾಂಟ್ರಾಕ್ಟರ್ ಪುಕ್ಕಟೆ ಹೇಳುತ್ತಾನಲ್ಲ, ಅದಕ್ಕೆ ಯಾಕೆ ದುಡ್ಡು? ಈಗ ಮನೆ ಮುಗಿದಿದೆ, ನಾವು ಒಳಗೆ ಬಂದಿದ್ದೇವೆ. ಈ ಮನೆಗೆ ಹಾಕಿದ ದುಡ್ಡಿನಲ್ಲಿ ಆ 9,000ದಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಆ ಸೇವೆಯ ಬಗ್ಗೆಯೇ ಈ ಬರಹ. ಚೆನ್ನಾಗಿದ್ದದ್ದನ್ನೂ ಹೇಳುತ್ತೇನೆ, ಸರಿ ಇಲ್ಲದ್ದನ್ನೂ ಹೇಳುತ್ತೇನೆ.

ರಾಯಚೂರಿನಲ್ಲೇ ಇರುವ ಒಂದು ಸಣ್ಣ ಇಂಜಿನಿಯರ್ ಆಫೀಸು ಅದು. ಇರುವುದು ಇಬ್ಬರೇ. ಒಬ್ಬರು ಐವತ್ತರ ಆಸುಪಾಸಿನ ಇಂಜಿನಿಯರ್, ಇನ್ನೊಬ್ಬಳು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಹುಡುಗಿ. ನಕ್ಷೆ, ಕಬ್ಬಿಣದ ಡ್ರಾಯಿಂಗ್, ಎಸ್ಟಿಮೇಟ್, ಇಷ್ಟೇ ಅವರ ಕೆಲಸ. ಮನೆ ಕಟ್ಟಿಕೊಡುವ ಗುತ್ತಿಗೆ ಅವರು ಹಿಡಿಯುವುದಿಲ್ಲ. ನನಗೆ ಮೊದಲು ಹಿಡಿಸಿದ್ದೇ ಇದು. ನಮ್ಮ ಮನೆ ದೊಡ್ಡದಾದರೆ ಅವರಿಗೆ ಲಾಭವಿಲ್ಲ, ಚಿಕ್ಕದಾದರೆ ನಷ್ಟವಿಲ್ಲ. ಹಾಗಾಗಿ ಅವರು ಹೇಳುವ ಮಾತು ನಂಬಬಹುದು ಅನ್ನಿಸಿತು.

ನಾನು ಪೋಸ್ಟ್ ಆಫೀಸಿನಲ್ಲಿ ಕೌಂಟರ್ ಕೆಲಸದಲ್ಲಿದ್ದೇನೆ. ನಮ್ಮ ಮನೆಯವರು ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಒಂದು ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುತ್ತಾರೆ. ಹತ್ತಿ ಬರುವ ಕಾಲದಲ್ಲಿ ಅವರಿಗೆ ಊಟಕ್ಕೂ ಬಿಡುವಿಲ್ಲ. ಬೇಸಿಗೆಯಲ್ಲಿ ಕೆಲಸವೂ ಕಡಿಮೆ, ಕೈಗೆ ಬರುವುದೂ ಕಡಿಮೆ. ಇಬ್ಬರದೂ ಸೇರಿ ತಿಂಗಳಿಗೆ ಸರಾಸರಿ 66,000 ಬರುತ್ತದೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಮೂವತ್ತು-ನಲವತ್ತರ ಪ್ಲಾಟು ಮೊದಲೇ ತೆಗೆದುಕೊಂಡಿದ್ದೆವು. ಈ-ಖಾತಾ ಆಗಿತ್ತು. ಬಾಡಿಗೆ ಮನೆಗೆ 8,000 ಕೊಡುತ್ತಿದ್ದೆವು.

ಲೆಕ್ಕದ ಬಗ್ಗೆ ನನಗೆ ಇಷ್ಟು ಕಾಳಜಿ ಬಂದದ್ದು ನನ್ನ ಕೆಲಸದಿಂದ. ಮನೆ ಕಟ್ಟುವವರು ನಮ್ಮ ಕೌಂಟರ್‌ಗೆ ಸಾಮಾನ್ಯವಾಗಿ ಎರಡು ಹೊತ್ತಿನಲ್ಲಿ ಬರುತ್ತಾರೆ. ಸ್ಲ್ಯಾಬ್ ಹಾಕುವ ಮುಂಚೆ ಒಮ್ಮೆ, ಗಿಲಾವ್ (ಗೋಡೆಯ ಪ್ಲಾಸ್ಟರ್) ನಿಂತುಹೋದಾಗ ಇನ್ನೊಮ್ಮೆ. ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮುರಿಯಬೇಕು ಅನ್ನುತ್ತಾರೆ. 5 ವರ್ಷದ ಆರ್‌ಡಿಯನ್ನು 3 ವರ್ಷ ಆದ ಮೇಲೆ ಮುರಿಯಬಹುದು. ಆದರೆ ಆಗ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ, ಅಂದರೆ ಶೇ. 4. ಎನ್‌ಎಸ್‌ಸಿ ಅನ್ನುವ ರಾಷ್ಟ್ರೀಯ ಉಳಿತಾಯ ಪತ್ರವನ್ನಂತೂ ಮನೆ ಕಟ್ಟುತ್ತೇವೆ ಅಂತ 5 ವರ್ಷ ತುಂಬುವ ಮೊದಲು ಮುರಿಯಲು ಬರುವುದಿಲ್ಲ. ಅದನ್ನು ಅವರಿಗೆ ಹೇಳುವಾಗ ನನಗೇ ಸಂಕಟವಾಗುತ್ತದೆ. ಮಗಳ ಮದುವೆಗೆ, ಮಗನ ಓದಿಗೆ ಅಂತ ಹೊಟ್ಟೆ ಬಟ್ಟೆ ಕಟ್ಟಿ ಇಟ್ಟ ದುಡ್ಡು ಕಿಟಕಿ ಗ್ರಿಲ್ಲಿಗೆ, ಬಾಗಿಲ ಪಾಲಿಶ್‌ಗೆ ಹೋಗುತ್ತದೆ. ಅವರು ಯಾರೂ ದುಂದು ಮಾಡುವವರಲ್ಲ. ಒಟ್ಟು ಎಷ್ಟಾಗುತ್ತದೆ ಅಂತ ಅವರಿಗೆ ಮೊದಲೇ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ. ಅದಕ್ಕೇ ನಾನು ಮನೆಯಲ್ಲಿ ಮೊದಲೇ ಹೇಳಿದ್ದೆ: ಮಗಳ ಸುಕನ್ಯಾ ಖಾತೆಯನ್ನೂ ನನ್ನ ಆರ್‌ಡಿಯನ್ನೂ ಯಾರೂ ಮುಟ್ಟಬಾರದು.

ಇಂಜಿನಿಯರ್ ಹತ್ತಿರ ಹೋಗುವ ಮೊದಲು ಒಬ್ಬ ಕಾಂಟ್ರಾಕ್ಟರ್ ಬಂದು ಪ್ಲಾಟು ನೋಡಿದ್ದ. ಕೆಳಗೆ ಮೇಲೆ ಸೇರಿ 1,800 ಚದರ ಅಡಿ, ಚದರ ಅಡಿಗೆ 1,750, ಸಾಮಾನು ಸಮೇತ ಎಂದ. ಗುಣಿಸಿದರೆ 31.5 ಲಕ್ಷ. ಬೆಂಗಳೂರಿನಲ್ಲಿರುವ ನನ್ನ ಮೈದುನ ಫೋನಿನಲ್ಲೇ ಒಪ್ಪಿಬಿಟ್ಟ. ಅಲ್ಲಿನ ದರಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ, ತಡ ಮಾಡಬೇಡಿ ಎಂದ. ಇದರಲ್ಲಿ ಏನೇನು ಸೇರಿದೆ, ಬರೆದು ಕೊಡಿ ಅಂತ ನಾನು ಕಾಂಟ್ರಾಕ್ಟರ್‌ಗೆ ಕೇಳಿದೆ. “ಎಲ್ಲಾ ಬರ್ತದ ಅಕ್ಕ, ನೀವು ತಲಿ ಕೆಡಿಸಿಕೋಬ್ಯಾಡ್ರಿ” ಎಂದ. ಬರೆದು ಮಾತ್ರ ಕೊಡಲಿಲ್ಲ.

ಆಮೇಲೆ ಈ ಇಂಜಿನಿಯರ್ ಅದೇ 1,800 ಚದರ ಅಡಿ ಮನೆಗೆ ಲೆಕ್ಕ ಹಾಕಿದಾಗ 41 ಲಕ್ಷ ಬಂತು. ಒಂಬತ್ತೂವರೆ ಲಕ್ಷದ ವ್ಯತ್ಯಾಸ ಎಲ್ಲಿಂದ? ನೀರಿನ ಸಂಪು, ಸೆಪ್ಟಿಕ್ ಟ್ಯಾಂಕ್, ಕಾಂಪೌಂಡು, ಗೇಟು ಆ ದರದಲ್ಲಿ ಇರುವುದಿಲ್ಲ. ಕರೆಂಟು ಮತ್ತು ನೀರಿನ ಸಂಪರ್ಕ, ಕಟ್ಟಡದ ಪರವಾನಗಿ, ಅಡುಗೆ ಮನೆ ಕಪಾಟು ಯಾವುದೂ ಇರುವುದಿಲ್ಲ. ನಮ್ಮ ಎರೆ ಮಣ್ಣಿಗೆ ಬೇಕಾದ ಪಾಯಾ ಇರುವುದಿಲ್ಲ. ಮೇಲಾಗಿ ಚದರ ಅಡಿ ಅನ್ನುವುದನ್ನು ಅಳೆಯುವ ರೀತಿಯೇ ಬೇರೆ. ನಾವು ಮನೆಯೊಳಗಿನ ಜಾಗ ಅಂದುಕೊಂಡಿರುತ್ತೇವೆ. ಅವರು ಗೋಡೆ, ಮುಂದಿನ ಪೋರ್ಟಿಕೋ, ಮೆಟ್ಟಿಲ ಮೇಲಿನ ಸ್ಲ್ಯಾಬ್ ಎಲ್ಲ ಸೇರಿಸಿ ಅಳೆಯುತ್ತಾರೆ. ಇದು ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಕೆಲಸ ಶುರುವಾಗುವ ಮೊದಲೇ ನಮಗೆ ಗೊತ್ತಿರಬೇಕು ಅಲ್ವಾ?

ಇಂಜಿನಿಯರ್ ಆಫೀಸಿಗೆ ನಾವು ಕೋಣೆ ಎಷ್ಟು, ದಿಕ್ಕು ಯಾವುದು ಅಂತ ಮಾತಾಡಲು ತಯಾರಾಗಿ ಹೋಗಿದ್ದೆವು. ಅವರು ಅದನ್ನೆಲ್ಲ ಆಮೇಲೆ ನೋಡೋಣ ಎಂದು ಮೊದಲು ದುಡ್ಡಿನ ವಿಷಯ ತೆಗೆದರು. “ಮೇಡಂ, ನಿಮ್ಮ ಮನಿಗೆ ಎಷ್ಟಾಗ್ತದ ಅಂತ ಕೇಳಬ್ಯಾಡ್ರಿ. ತಿಂಗಳಾ ಎಷ್ಟು ಕಟ್ಟಿದ್ರೆ ನಿದ್ದಿ ಬರ್ತದ, ಅದು ಹೇಳ್ರಿ” ಎಂದರು. ಗಂಜ್‌ನಲ್ಲಿ ಕೆಲಸ ಕಡಿಮೆ ಇರುವ ತಿಂಗಳಲ್ಲಿ ಮನೆಯವರ ಕೈಗೆ ಎಷ್ಟು ಬರುತ್ತದೆ, ಅತ್ತೆಯ ಔಷಧಿಗೆ ಎಷ್ಟು, ಶಾಲೆಯ ಫೀಸು ಯಾವ ತಿಂಗಳು, ಎಲ್ಲ ಬರೆದುಕೊಂಡರು. ಒಳ್ಳೆಯ ತಿಂಗಳ ಲೆಕ್ಕ ಬಿಟ್ಟು ಕೆಟ್ಟ ತಿಂಗಳ ಲೆಕ್ಕವನ್ನೇ ಹಿಡಿದರು. ಆಗ ಬಂದದ್ದು 17ರಿಂದ 18 ಸಾವಿರ. ಬಾಡಿಗೆಗೆ ಕೊಡುತ್ತಿದ್ದ 8,000 ಇದರಲ್ಲೇ ಸೇರಿದೆ.

ಅಲ್ಲಿಂದ ಹಿಂದಕ್ಕೆ ಬಂದರು. ಶೇ. 8ರ ಬಡ್ಡಿಗೆ 20 ವರ್ಷದ ಸಾಲವಾದರೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 836 ರೂಪಾಯಿ. ಹಾಗಾಗಿ 21 ಲಕ್ಷಕ್ಕೆ 17,565. ನಮ್ಮ ಹತ್ತಿರ ಇದ್ದ ಉಳಿತಾಯ 9 ಲಕ್ಷ. ಅದರಲ್ಲಿ 2 ಲಕ್ಷ ಕಾಯಿಲೆ ಕಸಾಲೆಗೆ ಅಂತ ಪಕ್ಕಕ್ಕೆ ಇಡಿಸಿದರು. ಉಳಿದ 7 ಲಕ್ಷ ಮತ್ತು ಸಾಲ ಸೇರಿ 28 ಲಕ್ಷ. ಅದರಲ್ಲೂ ಎರಡೂವರೆ ಲಕ್ಷ ಮುಟ್ಟುವಂತಿಲ್ಲ, ಅದು ಕೆಲಸ ನಡೆಯುವಾಗ ಏನಾದರೂ ಹೆಚ್ಚು ಕಡಿಮೆ ಆದರೆ ಬೇಕಾಗುವ ದುಡ್ಡು. ಹಾಗಾದರೆ ಮನೆ 25.5 ಲಕ್ಷದಲ್ಲಿ ಮುಗಿಯಬೇಕು. ಕೋಣೆ ಎಷ್ಟು ಅನ್ನುವ ಮಾತು ಬಂದದ್ದು ಇದಾದ ಮೇಲೆ.

ಬ್ಯಾಂಕ್ ಇದಕ್ಕಿಂತ ಜಾಸ್ತಿ ಸಾಲ ಕೊಡಲು ತಯಾರಿತ್ತು. 30 ಲಕ್ಷದವರೆಗಿನ ಗೃಹ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ. 80ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಬಿಡುತ್ತದೆ. ಬಹಳ ಜನ ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಬ್ಯಾಂಕ್ ಕೊಡುತ್ತದೆ ಅಂದರೆ ನಮ್ಮ ಕೈಲಿ ಆಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಆದರೆ ಬ್ಯಾಂಕಿಗೆ ಮನೆಯ ಕಾಗದ ಅಡ ಇರುತ್ತದೆ. ನಮ್ಮ ಅತ್ತೆಯ ಮೊಣಕಾಲಿನ ಆಪರೇಷನ್ ಯಾವಾಗ ಬರಬಹುದು ಅಂತ ಬ್ಯಾಂಕಿಗೆ ಗೊತ್ತಿಲ್ಲ.

ಈ ಎಸ್ಟಿಮೇಟ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊನೆಯ ಕಾಲಂ. ಪ್ರತಿ ಬಾಬ್ತಿನ ಮುಂದೆ ಒಟ್ಟು ದುಡ್ಡು ಬರೆದು, ಅದರ ಪಕ್ಕದಲ್ಲಿ ‘ತಿಂಗಳಿಗೆ’ ಅಂತ ಇನ್ನೊಂದು ಅಂಕಿ ಹಾಕಿದ್ದರು. ಮಾಮೂಲಿ ಎಸ್ಟಿಮೇಟ್‌ನಲ್ಲಿ ಇದು ಇರುವುದಿಲ್ಲ. ಇನ್ನೊಂದು ಬಚ್ಚಲು ಬೇಕಾ? 1.3 ಲಕ್ಷ, ತಿಂಗಳಿಗೆ 1,087, ಇಪ್ಪತ್ತು ವರ್ಷ. ಮುಂದಿನ ಗೋಡೆಗೆ ಕಲ್ಲಿನ ಹೊದಿಕೆ, ಅಲಂಕಾರದ ಎಲಿವೇಶನ್? 1.8 ಲಕ್ಷ, ತಿಂಗಳಿಗೆ 1,506. ಲಕ್ಷದ ಲೆಕ್ಕದಲ್ಲಿ ಮಾತಾಡುವಾಗ ಇಷ್ಟು ದೊಡ್ಡ ಮನೆಗೆ ಇದೇನು ಮಹಾ ಅನ್ನಿಸುತ್ತದೆ. ತಿಂಗಳ ಲೆಕ್ಕ ಕಂಡ ಕೂಡಲೇ ಅದು ಹಾಲಿನ ಬಿಲ್ಲು, ಮಗನ ಟ್ಯೂಷನ್ ಫೀಸು ಆಗಿಬಿಡುತ್ತದೆ. ಎಲಿವೇಶನ್ ಬಿಟ್ಟೆವು. ಅತ್ತೆಯ ಕೋಣೆಗೆ ಅಂಟಿದ ಬಚ್ಚಲನ್ನು ಉಳಿಸಿಕೊಂಡೆವು. ರಾತ್ರಿ ಹೊತ್ತು ಅವರು ಕತ್ತಲಲ್ಲಿ ನಡೆದು ಹೋಗುವುದು ತಪ್ಪುತ್ತದೆ ಅಂದರೆ ತಿಂಗಳಿಗೆ 1,087 ನಮಗೆ ಹೆಚ್ಚಲ್ಲ. ಅವರು ಇನ್ನೊಂದು ಲೆಕ್ಕವನ್ನೂ ತೋರಿಸಿದರು. 5 ಲಕ್ಷ ಜಾಸ್ತಿ ಸಾಲ ಎತ್ತಿದರೆ 20 ವರ್ಷದಲ್ಲಿ ಕಟ್ಟುವುದು 10 ಲಕ್ಷ.

ಮೇಲಿನ ಮಹಡಿಯ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಮೈದುನನ ಮಾತಿನಲ್ಲಿ ಸತ್ಯವಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಪಾಯಾ, ಸಂಪು, ಕಾಂಪೌಂಡು, ಸಂಪರ್ಕದ ಖರ್ಚು ಒಂದು ಮಹಡಿಗೂ ಅಷ್ಟೇ, ಎರಡಕ್ಕೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಕೆಳಗಿನ ಮನೆ ಮಾತ್ರ ಕಟ್ಟಿದರೆ 25.5 ಲಕ್ಷ, ಎರಡೂ ಆದರೆ 41. ಮೇಲಿನದಕ್ಕೆ ಬೀಳುವುದು 15.5 ಲಕ್ಷ ಮಾತ್ರ. ಈಗಲೇ ಕಟ್ಟಿ ಬಾಡಿಗೆಗೆ ಕೊಡಿ, ಸಾಲ ತಾನೇ ತೀರುತ್ತದೆ ಎಂದ. ಇಂಜಿನಿಯರ್ ಕೊನೆಯ ಕಾಲಂ ತೋರಿಸಿದರು. 15.5 ಲಕ್ಷಕ್ಕೆ ತಿಂಗಳಿಗೆ 12,965. ನಮ್ಮ ಬಡಾವಣೆಯಲ್ಲಿ ಅಂಥ ಮನೆಗೆ ಸಿಗುವ ಬಾಡಿಗೆ 8,000, ಅದೂ ಮನೆ ಖಾಲಿ ಬೀಳದಿದ್ದರೆ. ಪ್ರತಿ ತಿಂಗಳು ಸುಮಾರು ಐದು ಸಾವಿರ ನಮ್ಮ ಕೈಯಿಂದಲೇ ಹೋಗುತ್ತಿತ್ತು. ಇಷ್ಟು ಸರಳ ಲೆಕ್ಕ ನೋಡಿದ ಮೇಲೆ ಮೈದುನನೂ ಸುಮ್ಮನಾದ. ಮೇಲೆ ಕಟ್ಟಲು ಆಗುವ ಹಾಗೆ ಪಿಲ್ಲರ್ ಮತ್ತು ಪಾಯಾ ಗಟ್ಟಿ ಮಾಡಿಸಿ, ಈಗ ಕೆಳಗೆ 980 ಚದರ ಅಡಿ ಸಾಕು ಎಂದು ತೀರ್ಮಾನಿಸಿದೆವು.

ಪಾಯಾದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ರಾಯಚೂರು, ಮಾನ್ವಿ, ಸಿಂಧನೂರು ಕಡೆ ಮನೆ ಕಟ್ಟುವವರ ದುಡ್ಡು ಮಣ್ಣಿನೊಳಗೇ ಹೋಗುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿರುವ ಮನೆಯೂ ಅದರ ಜೊತೆ ಏಳುತ್ತದೆ, ಕೂರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟ ಗೋಡೆಗಳನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಈ ಆಫೀಸಿನವರು ಎಸ್ಟಿಮೇಟ್ ಬರೆಯುವ ಮೊದಲೇ ಪ್ಲಾಟಿನಲ್ಲಿ ಗುಂಡಿ ತೋಡಿಸಿದರು. ಆರು ಅಡಿಯವರೆಗೆ ಎರೆ, ಅದರ ಕೆಳಗೆ ಗರಸು, ಅಂದರೆ ಗಟ್ಟಿ ಜಲ್ಲಿ ಮಣ್ಣು, ಸಿಕ್ಕಿತು. ಗರಸಿನವರೆಗೆ ಇಳಿದು ಫೂಟಿಂಗ್ (ಪಿಲ್ಲರಿನ ಬುಡದ ಕಾಂಕ್ರೀಟ್) ಹಾಕಬೇಕು, ಪಿಲ್ಲರ್‌ಗಳನ್ನು ನೆಲಮಟ್ಟದ ಪ್ಲಿಂತ್ ಬೀಮಿನಿಂದ ಕಟ್ಟಬೇಕು, ನೆಲದ ಕೆಳಗಿನ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು ಎಂದರು. ಎರೆ ಇನ್ನೂ ಆಳ ಇದ್ದಿದ್ದರೆ ಅಂಡರ್ ರೀಮ್ಡ್ ಪೈಲ್ ಹಾಕಬೇಕಾಗುತ್ತಿತ್ತು. ಅದು ಬುಡದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬ. ಇಂಥ ಮಣ್ಣಿಗೆಂದೇ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ ವಿಧಾನ. ನಮ್ಮ ಪುಣ್ಯಕ್ಕೆ ಅಷ್ಟು ಬೇಕಾಗಲಿಲ್ಲ. ಆದರೂ ಮಾಮೂಲಿ ಪಾಯಾಕ್ಕಿಂತ 2.6 ಲಕ್ಷ ಜಾಸ್ತಿ ಹಿಡಿದರು. ಆ ದುಡ್ಡು ಈಗ ಯಾರ ಕಣ್ಣಿಗೂ ಕಾಣುವುದಿಲ್ಲ. ಇಡೀ ಮನೆಯಲ್ಲಿ ಅತಿ ಸಮಾಧಾನದಿಂದ ಕೊಟ್ಟ ದುಡ್ಡು ಅದೇ.

ಬಾಬ್ತುಗಳನ್ನು ಅವರು ಎರಡು ಬಣ್ಣದಲ್ಲಿ ಗುರುತು ಹಾಕಿದ್ದರು. ಕೆಂಪು ಅಂದರೆ ಈಗ ಬಿಟ್ಟರೆ ಮುಂದೆ ಗೋಡೆ ಒಡೆಯದೆ ಮಾಡಲು ಆಗದ್ದು. ಪಾಯಾ, ಪಿಲ್ಲರಿನ ಕಬ್ಬಿಣ, ಗೋಡೆಯೊಳಗಿನ ನೀರಿನ ಪೈಪು, ವೈರು, ಬಚ್ಚಲಿನ ವಾಟರ್‌ಪ್ರೂಫಿಂಗ್, ಕಿಟಕಿಯ ಮೇಲಿನ ಛಜ್ಜಾ. ನೀಲಿ ಅಂದರೆ ಐದು ವರ್ಷ ಬಿಟ್ಟು ಬೋನಸ್ ಬಂದಾಗಲೂ ಮಾಡಬಹುದಾದದ್ದು. ಫಾಲ್ಸ್ ಸೀಲಿಂಗ್, ಕಪಾಟಿನ ಬಾಗಿಲು, ದೊಡ್ಡ ಗೇಟು, ಹೊರಗಿನ ಟೆಕ್ಸ್ಚರ್ ಪೇಂಟು. ಕೆಂಪಿನಲ್ಲಿ ಒಂದು ರೂಪಾಯಿ ಉಳಿಸಲು ಅವರು ಬಿಡಲಿಲ್ಲ. ನೀಲಿಯಲ್ಲಿ ನಮಗೆ ಬೇಕಾದಷ್ಟು ಕಡಿಮೆ ಮಾಡಿಕೊಳ್ಳಲು ಬಿಟ್ಟರು. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಸುಲಭ ದಾರಿ ನಾನು ನೋಡಿಲ್ಲ. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಕಣ್ಣಿಗೆ ಕಾಣುವುದಕ್ಕೆ ದುಡ್ಡು ಸುರಿದು, ವೈರು ಮತ್ತು ಪೈಪಿನಲ್ಲಿ ಅಗ್ಗದ್ದು ಹಾಕಿಸುತ್ತಾರೆ.

ಛಜ್ಜಾ ಕೆಂಪಿನಲ್ಲಿ ಇದ್ದದ್ದು ನನಗೆ ಬಹಳ ಹಿಡಿಸಿತು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಪಡುವಣ ಗೋಡೆಯ ಕಿಟಕಿಗೆ ನೆರಳಿಲ್ಲದಿದ್ದರೆ ಸಂಜೆ ಆ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಆಮೇಲೆ ಎಸಿ ಹಾಕಿಸಿ ತಿಂಗಳು ತಿಂಗಳು ಬಿಲ್ಲು ಕಟ್ಟುವ ಬದಲು ಈಗಲೇ ಎರಡೂವರೆ ಅಡಿ ಛಜ್ಜಾ ಹಾಕಿಸಿ, ಮಾಳಿಗೆಯ ಮೇಲೆ ಬಿಳಿ ಟೈಲ್ಸ್ ಹಾಕಿಸಿ ಎಂದರು. ಅತ್ತೆ ಹುಟ್ಟಿ ಬೆಳೆದದ್ದು ಲಿಂಗಸುಗೂರು ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು ಅಂತ ಅವರು ಯಾವಾಗಲೂ ಹೇಳುತ್ತಾರೆ. ಅವರ ಕೋಣೆಗೂ ಹಿತ್ತಲಿಗೂ ಟೈಲ್ಸ್ ಬೇಡ, ಶಹಾಬಾದ್ ಕಲ್ಲು ಹಾಕಿಸಿ ಎಂದು ಹಟ ಹಿಡಿದರು. ಲೆಕ್ಕ ನೋಡಿದರೆ ಅದು ವಿಟ್ರಿಫೈಡ್ ಟೈಲ್ಸ್‌ಗಿಂತ ಕಡಿಮೆಯೇ ಬಿತ್ತು. ಕಾಲಿಗೆ ತಂಪು, ಒದ್ದೆಯಾದರೂ ಅಷ್ಟಾಗಿ ಜಾರುವುದಿಲ್ಲ.

ಇಟ್ಟಿಗೆಯಲ್ಲಿ ಬೂದಿ ಇಟ್ಟಿಗೆ ಸೂಚಿಸಿದರು. ಶಕ್ತಿನಗರದಲ್ಲಿ 1985ರಿಂದ ಉಷ್ಣ ವಿದ್ಯುತ್ ಸ್ಥಾವರ ನಡೆಯುತ್ತಿದೆ. ಈಗ ಅದರ ಸಾಮರ್ಥ್ಯ 1,720 ಮೆಗಾವಾಟ್. ಹಾರುಬೂದಿಗೆ ನಮ್ಮ ಕಡೆ ಬರವಿಲ್ಲ, ಹಾಗಾಗಿ ಈ ಇಟ್ಟಿಗೆಗೆ ಸಾಗಣೆ ಖರ್ಚು ಕಡಿಮೆ. ಎಲ್ಲ ಒಂದೇ ಅಳತೆ ಇರುವುದರಿಂದ ಗಿಲಾವ್ ತೆಳುವಾಗಿ ಹಾಕಬಹುದು, ಸಿಮೆಂಟ್ ಉಳಿಯುತ್ತದೆ. ಆದರೆ ಎಲ್ಲ ಕಾರ್ಖಾನೆಯ ಇಟ್ಟಿಗೆ ಒಂದೇ ರೀತಿ ಇರುವುದಿಲ್ಲ ಎಂದು ಎಚ್ಚರಿಸಿದರು. ಒಣ ಇಟ್ಟಿಗೆ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ ನೋಡಿ, ತೂಕ ಶೇ. 20ಕ್ಕಿಂತ ಹೆಚ್ಚು ಏರಿದರೆ ಬೇಡ ಎಂದರು. ಮನೆಯವರು ಗಂಜ್‌ನ ತಕ್ಕಡಿಯಲ್ಲೇ ಇದನ್ನು ಮಾಡಿ ನೋಡಿದರು.

ಸಿಮೆಂಟಿನ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ನಮ್ಮ ಎಸ್ಟಿಮೇಟ್ ಅದಕ್ಕಿಂತ ಮುಂಚಿನದು. ದುಡ್ಡು ಕೇಳದೆ ಅದನ್ನು ತಿದ್ದಿಕೊಟ್ಟರು, ಇದು ಅವರ ಒಳ್ಳೆಯತನ. ಅಷ್ಟರಲ್ಲಿ ನೆಂಟರೆಲ್ಲ ಇನ್ನು ಮನೆ ಬಹಳ ಅಗ್ಗ ಆಗುತ್ತದೆ ಎನ್ನುತ್ತಿದ್ದರು. ತಿದ್ದಿದ ಹಾಳೆ ನೋಡಿದರೆ ನಮ್ಮ ಮನೆಗೆ ಬೇಕಾದದ್ದು 440 ಚೀಲ, ಉಳಿದದ್ದು ಒಟ್ಟು 12-13 ಸಾವಿರ. ಸಿಮೆಂಟು ಮತ್ತು 4.4 ಟನ್ ಕಬ್ಬಿಣ ಎರಡೂ ಸೇರಿ 4 ಲಕ್ಷದ ಸ್ವಲ್ಪ ಮೇಲೆ. ಅಂದರೆ ಇಡೀ ಖರ್ಚಿನ ಆರನೇ ಒಂದು ಪಾಲು. ನಾವೆಲ್ಲ ಚೀಲಕ್ಕೆ ಹತ್ತು ರೂಪಾಯಿ, ಕಿಲೋಗೆ ಎರಡು ರೂಪಾಯಿ ಅಂತ ಅಂಗಡಿ ಅಂಗಡಿ ತಿರುಗುತ್ತೇವೆ. ಮನೆ 100 ಚದರ ಅಡಿ ಚಿಕ್ಕದಾದರೆ ಉಳಿಯುವ ದುಡ್ಡು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇನ್ನು ಸರಿ ಇಲ್ಲದ್ದು. ಮೊದಲನೆಯದು ತಡ. ಎರಡು ವಾರದಲ್ಲಿ ಕೊಡುತ್ತೇವೆ ಎಂದವರು ತಿಂಗಳು ದಾಟಿಸಿದರು. ಫೋನ್ ಮಾಡಿದರೆ ಸೈಟಿನಲ್ಲಿದ್ದೇನೆ ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಕಾಯುವವರಿಗೆ ಇದು ದೊಡ್ಡ ತೊಂದರೆ.

ಎರಡನೆಯದು, ಇಡೀ ಎಸ್ಟಿಮೇಟ್ ಇಂಗ್ಲಿಷಿನಲ್ಲಿತ್ತು. ನನಗೆ, ಮನೆಯವರಿಗೆ ತೊಂದರೆ ಇಲ್ಲ. ಆದರೆ ಆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಅತ್ತೆ. ಕೆಲಸ ನೋಡಿಕೊಂಡು ನಿಲ್ಲುವವರೂ ಅವರೇ. ನಾನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟ ಮೇಲೆ ಅವರು ಗೌಂಡಿಯನ್ನು ಕೇಳಬೇಕಾದ ಪ್ರಶ್ನೆ ಕೇಳತೊಡಗಿದರು. ಕನ್ನಡ ಪ್ರತಿ ಕೊಡುವುದು ಆ ಆಫೀಸಿಗೆ ಕಷ್ಟವೇನಲ್ಲ.

ಮೂರನೆಯದು ಅಡುಗೆ ಮನೆ. ಇದರಲ್ಲಿ ಇಂಜಿನಿಯರ್ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಪುಸ್ತಕದ ಅಳತೆ ಪ್ರಕಾರ ಎಲ್ಲ ಕಡೆ 33 ಇಂಚಿನ ಕಟ್ಟೆ ಬರೆದರು. ನಮ್ಮ ಮನೆಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುತ್ತೇವೆ. ಅಷ್ಟು ಎತ್ತರದಲ್ಲಿ ನಿಂತು ರೊಟ್ಟಿ ಬಡಿದರೆ ಭುಜ ಬಿದ್ದು ಹೋಗುತ್ತದೆ. ಬಡಿಯುವ ಜಾಗ ತಗ್ಗಿರಬೇಕು, ಒಲೆ ಅದರ ಪಕ್ಕದಲ್ಲೇ ಇರಬೇಕು. ಕೊನೆಗೆ ನಾನು ಮತ್ತು ಅತ್ತೆ ಬಾಡಿಗೆ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳತೆ ತೆಗೆದೆವು. ಅದನ್ನು ಆ ಡ್ರಾಯಿಂಗ್ ಹುಡುಗಿ ಅಚ್ಚುಕಟ್ಟಾಗಿ ನಕ್ಷೆಗೆ ಹಾಕಿಕೊಟ್ಟಳು. ಒಂದು ಕಡೆ 28 ಇಂಚಿನ ಕಟ್ಟೆ ಬಂತು. ಖರ್ಚೇನೂ ಹೆಚ್ಚಾಗಲಿಲ್ಲ.

ಅಂಕಿಗಳಲ್ಲೂ ಕೆಲವು ಕಡೆ ತಪ್ಪಿತು. ಕೂಲಿಯ ದರವನ್ನು ಅವರು ಹೆಚ್ಚಾಗಿ ಲೋಕೋಪಯೋಗಿ ಇಲಾಖೆಯ ದರಪಟ್ಟಿ ನೋಡಿ ಹಾಕಿದ್ದರು. ಗೌಂಡಿ, ಸೆಂಟ್ರಿಂಗ್ ಕೆಲಸಕ್ಕೆ ಅದು ಹೊಂದಿತು. ಟೈಲ್ಸ್ ಹಾಕುವವರು, ಪ್ಲಂಬರ್ ಅದಕ್ಕಿಂತ ಸಾಕಷ್ಟು ಜಾಸ್ತಿ ಕೇಳಿದರು. ಕರೆಂಟ್ ಸಂಪರ್ಕದ ಖರ್ಚನ್ನೂ ಕಡಿಮೆ ಹಿಡಿದಿದ್ದರು. ಸರ್ಕಾರದ ಸಹಾಯಧನದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ, ವರ್ಷದ ಆದಾಯ 9 ಲಕ್ಷದ ಒಳಗೆ, ಸಾಲ 25 ಲಕ್ಷದ ಒಳಗೆ, ಮನೆಯ ಬೆಲೆ 35 ಲಕ್ಷದ ಒಳಗೆ ಇದ್ದವರಿಗೆ ಬಡ್ಡಿಯಲ್ಲಿ ಒಟ್ಟು 1.80 ಲಕ್ಷದವರೆಗೆ ಸಹಾಯ ಇದೆ. ಮನೆಯವರ ಹೆಸರಿನಲ್ಲಿ ಊರಲ್ಲಿ ಪಕ್ಕಾ ಮನೆ ಇರುವುದರಿಂದ ನಮಗೆ ಅದು ಬರುವುದಿಲ್ಲ. ಆದರೆ ಬೇರೆಯವರಿಗೆ ಬರಬಹುದು, ಮೊದಲ ಭೇಟಿಯಲ್ಲೇ ಹೇಳಬೇಕಾದ ವಿಷಯ ಅದು.

ಇಷ್ಟಾದರೂ ಆ ಎಸ್ಟಿಮೇಟ್ ಕೈಯಲ್ಲಿದ್ದದ್ದರಿಂದ ಆದ ಉಪಯೋಗ ದೊಡ್ಡದು. ಅದರ ದರದ ಕಾಲಂ ಖಾಲಿ ಬಿಟ್ಟು, ಪ್ರಮಾಣ ಮಾತ್ರ ಇರುವ ಹಾಳೆಗಳನ್ನು ಮೂವರು ಕಾಂಟ್ರಾಕ್ಟರ್‌ಗಳಿಗೆ ಕೊಟ್ಟೆವು. ಮೂವರೂ ಅದೇ ಬಾಬ್ತುಗಳಿಗೆ ತಮ್ಮ ದರ ಬರೆದರು. ಆಗ ಹೋಲಿಸಲು ಸಾಧ್ಯವಾಯಿತು. ಅತಿ ಕಡಿಮೆಗೂ ಅತಿ ಹೆಚ್ಚಿಗೂ 2.3 ಲಕ್ಷದ ವ್ಯತ್ಯಾಸವಿತ್ತು. ನಾವು ನಡುವಿನವರನ್ನು ಆರಿಸಿಕೊಂಡೆವು. ಅವರು ಕಟ್ಟಿದ ಎರಡು ಮನೆಗಳಿಗೆ ಹೋಗಿ, ಅಲ್ಲಿನ ಹೆಣ್ಣುಮಕ್ಕಳನ್ನು ಮಾತಾಡಿಸಿ, ಬಚ್ಚಲಿನ ಗೋಡೆ ಮುಟ್ಟಿ ನೋಡಿ ಬಂದಿದ್ದೆ.

ಯಾವ ಹಂತದಲ್ಲಿ ಎಷ್ಟು ದುಡ್ಡು ಕೈಯಲ್ಲಿರಬೇಕು ಎನ್ನುವ ಒಂದು ಹಾಳೆಯೂ ಅದರಲ್ಲಿತ್ತು. ಬ್ಯಾಂಕ್ ಸಾಲ ಒಮ್ಮೆಲೇ ಕೈಗೆ ಬರುವುದಿಲ್ಲ. ಮೊದಲು ನಮ್ಮ ಪಾಲು ಹಾಕಬೇಕು. ಆಮೇಲೆ ಒಂದು ಹಂತ ಮುಗಿದು, ಅವರು ಬಂದು ನೋಡಿ ಹೋದ ಮೇಲೆ ಮುಂದಿನ ಕಂತು. ಆ ಮಧ್ಯದ ವಾರಗಳಲ್ಲಿ ಗೌಂಡಿಗೆ ಶನಿವಾರದ ಬಟವಾಡೆ ನಿಲ್ಲುವಂತಿಲ್ಲ. ಎಷ್ಟೋ ಮನೆಗಳು ನಿಲ್ಲುವುದು, ಜನ ನಮ್ಮ ಕೌಂಟರ್‌ಗೆ ಓಡಿ ಬರುವುದು ಇದೇ ಹೊತ್ತಿನಲ್ಲಿ. ಕಟ್ಟುವಾಗ ಬಾಡಿಗೆಯೂ ಬಡ್ಡಿಯೂ ಒಟ್ಟಿಗೆ ಬೀಳುವುದನ್ನು, ಗೃಹಪ್ರವೇಶದ ಊಟದ ಖರ್ಚನ್ನು ಸಹ ಅದರಲ್ಲಿ ಬರೆದಿದ್ದರು.

ಕೊನೆಗೆ ಆದದ್ದು 26.9 ಲಕ್ಷ. 25.5ರ ಮೇಲೆ 1.4 ಲಕ್ಷ ಜಾಸ್ತಿ. ಅದು ಪಕ್ಕಕ್ಕಿಟ್ಟ ಎರಡೂವರೆ ಲಕ್ಷದಲ್ಲೇ ಮುಗಿಯಿತು. ಉಳಿದ 1.1 ಲಕ್ಷವನ್ನು ಬ್ಯಾಂಕಿನಿಂದ ಎತ್ತಲೇ ಇಲ್ಲ. ಮಂಜೂರಾದ ದುಡ್ಡು ಬಿಡುತ್ತೀರಾ, ಸೋಫಾ ತೆಗೆದುಕೊಳ್ಳಿ ಅಂತ ಹೇಳಿದವರಿದ್ದಾರೆ. ಸಾಲ 19.9 ಲಕ್ಷಕ್ಕೆ ನಿಂತಿತು, ಕಂತು 16,645. ಮಗಳ ಸುಕನ್ಯಾ ಖಾತೆ, ನನ್ನ ಆರ್‌ಡಿ ಎರಡೂ ಹಾಗೇ ಇವೆ.

ಆ ಆಫೀಸಿಗೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಇಂಥ ಸೇವೆ ಹುಡುಕುವವರು, ಮನೆ ಕಟ್ಟುವ ಗುತ್ತಿಗೆಯನ್ನೂ ಹಿಡಿಯುವವರ ಹತ್ತಿರ ಎಸ್ಟಿಮೇಟ್ ಮಾಡಿಸಬೇಡಿ. ಗುಂಡಿ ತೋಡಿಸದೆ ಪಾಯಾದ ಲೆಕ್ಕ ಹಾಕುವವರನ್ನು ಬಿಟ್ಟುಬಿಡಿ. ಹೋಗುವಾಗ ಹಿಂದಿನ ಒಂದು ವರ್ಷದ ಮನೆ ಖರ್ಚಿನ ಲೆಕ್ಕ, ಸಂಬಳದ ಚೀಟಿ, ಪ್ಲಾಟಿನ ಕಾಗದ ಒಯ್ಯಿರಿ. ಅಡುಗೆ ಮಾಡುವವರನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಆ ‘ತಿಂಗಳಿಗೆ’ ಎನ್ನುವ ಕಾಲಂ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಲಕ್ಷಕ್ಕೆ ಇಷ್ಟು ಅಂತ ಗುಣಿಸುವ ಕೆಲಸ ಅಷ್ಟೇ, ಯಾರೂ ಇಲ್ಲ ಅನ್ನುವುದಿಲ್ಲ.